ವಾಷಿಂಗ್ಟನ್ನಿನ ಕಾಯ್ದೆ, ರಾಜ್ಯದ ತೆರಿಗೆ

ಭಾರತದಲ್ಲಿ ಕೃಷಿ ಆದಾಯವೊಂದನ್ನು ಬಿಟ್ಟರೆ ಆದಾಯ ತೆರಿಗೆಯ ಅಧಿಕಾರ ಕೇಂದ್ರದ್ದು. ಅಮೆರಿಕದಲ್ಲಿ ಒಂದೇ ಸಂಬಳಕ್ಕೆ ಫೆಡರಲ್ ಸರ್ಕಾರವೂ ಬಹುಪಾಲು ರಾಜ್ಯಗಳೂ ತೆರಿಗೆ ಹಾಕುತ್ತವೆ; ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ಮಾತ್ರ ಇದಕ್ಕೆ ಹೊರತು. ಈ ಎರಡು ಲೆಕ್ಕಗಳ ನಡುವೆ ಎರಡು ಗಂಟುಗಳಿವೆ. ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಫೆಡರಲ್ ಆದಾಯದಿಂದ ಕಳೆಯಬಹುದು ಎಂಬುದು ಒಂದು. ಹೆಚ್ಚಿನ ರಾಜ್ಯಗಳು ಫೆಡರಲ್ ರಿಟರ್ನಿನ ಅಂಕಿಯಿಂದಲೇ ತಮ್ಮ ಲೆಕ್ಕ ಶುರುಮಾಡುತ್ತವೆ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಗದ್ದಲ ಹೆಚ್ಚು. ಮನೆಯ ಖರ್ಚಿಗೆ ಸದ್ದಿಲ್ಲದೆ ಬಿಸಿ ಮುಟ್ಟಿಸುವುದು ಎರಡನೆಯದು.

ರಾಜ್ಯ ತೆರಿಗೆಯ ಕಡಿತ ಅಂತರ್ಯುದ್ಧ ಕಾಲದ ತೆರಿಗೆಯಷ್ಟೇ ಹಳೆಯದು. 1913ರ ಆದಾಯ ತೆರಿಗೆ ಕಾಯ್ದೆಯೂ ಅದನ್ನು ಉಳಿಸಿಕೊಂಡಿತು. 1944ರಲ್ಲಿ, ಖರ್ಚಿನ ಲೆಕ್ಕ ಕೊಡದೆ ನಿಗದಿತ ಮೊತ್ತ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂದ ಮೇಲೆ ಬಾಬ್ತುವಾರು ಖರ್ಚು ತೋರಿಸುವವರಿಗಷ್ಟೇ ಇದರ ಲಾಭ ಸಿಗತೊಡಗಿತು. 1964ರಲ್ಲಿ ಕಳೆಯಬಹುದಾದ ತೆರಿಗೆಗಳ ಪಟ್ಟಿ ಕಿರಿದಾಯಿತು. 1978ರಲ್ಲಿ ಪೆಟ್ರೋಲ್ ತೆರಿಗೆ ಅದರಿಂದ ಹೊರಬಿತ್ತು. ರೇಗನ್ ಆಡಳಿತ ಕಡಿತವನ್ನೇ ಪೂರ್ತಿ ತೆಗೆಯಲು ಹೊರಟಿತ್ತು. 1986ರ ಸುಧಾರಣೆಯಲ್ಲಿ ಕೊನೆಗೆ ಹೋದದ್ದು ಮಾರಾಟ ತೆರಿಗೆಯ ಕಡಿತವಷ್ಟೇ. 2004ರಲ್ಲಿ ಅದು ರಾಜ್ಯ ಆದಾಯ ತೆರಿಗೆಗೆ ಬದಲಿ ಆಯ್ಕೆಯಾಗಿ ಮರಳಿತು.

ಅದೇ 1986 ಎರಡನೆಯ ಗಂಟಿನ ಬಲವನ್ನೂ ತೋರಿಸಿತು. ವಾಷಿಂಗ್ಟನ್ ವಿನಾಯಿತಿಗಳನ್ನು ಕತ್ತರಿಸಿ, ಗರಿಷ್ಠ ದರವನ್ನು ಶೇ. 50ರಿಂದ 28ಕ್ಕೆ ಇಳಿಸಿತು. ತೆರಿಗೆಗೆ ಒಳಪಡುವ ಆದಾಯದ ವ್ಯಾಪ್ತಿ ಹಿಗ್ಗಿದ್ದು ರಾಜ್ಯಗಳಿಗೂ ತಾನಾಗಿ ದಾಟಿತು; ದರ ಇಳಿಕೆ ದಾಟಲಿಲ್ಲ. ಕೇಳದೆ ಬಂದ ಈ ವರಮಾನವನ್ನು ಜನರಿಗೆ ಹಿಂತಿರುಗಿಸಲು ಹಲವು ರಾಜ್ಯಗಳು ತಮ್ಮ ದರಗಳನ್ನೇ ತಿದ್ದಬೇಕಾಯಿತು.

2017ರ ಕಾಯ್ದೆ ಎರಡೂ ಗಂಟುಗಳನ್ನು ಒಟ್ಟಿಗೆ ಎಳೆಯಿತು. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತಕ್ಕೆ 10,000 ಡಾಲರ್ ಮಿತಿ ಬಂತು; ದಂಪತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 24,000ಕ್ಕೆ ಏರಿತು; ತಲಾ 4,050 ಡಾಲರ್ ವೈಯಕ್ತಿಕ ವಿನಾಯಿತಿ ನಿಂತಿತು. ಮೇರಿಲ್ಯಾಂಡಿನ ಒಂದು ದಂಪತಿಯ ಲೆಕ್ಕ ನೋಡೋಣ: ಗೃಹಸಾಲದ ಬಡ್ಡಿ 12,000, ರಾಜ್ಯದ ಆದಾಯ ತೆರಿಗೆ ಮತ್ತು ಆಸ್ತಿ ತೆರಿಗೆ ಸೇರಿ 16,000. ಹಿಂದೆ 28,000 ಕಳೆಯುತ್ತಿದ್ದವರಿಗೆ 2018ರಲ್ಲಿ ಬಾಬ್ತುವಾರು ಸಿಕ್ಕಿದ್ದು 22,000. ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಲಾಭವಾಯಿತು. ಆದರೆ ಫೆಡರಲ್ ರಿಟರ್ನಿನಲ್ಲಿ ಅದನ್ನು ಆರಿಸಿಕೊಂಡವರು ರಾಜ್ಯದಲ್ಲೂ ಅದನ್ನೇ ಆರಿಸಬೇಕೆಂಬುದು ಮೇರಿಲ್ಯಾಂಡಿನ ನಿಯಮ, ಅಲ್ಲಿ ಆ ಮೊತ್ತ ತೀರಾ ಕಡಿಮೆ. ಹೀಗೆ ಫೆಡರಲ್ ಸುಧಾರಣೆಯಿಂದ ರಾಜ್ಯದ ತೆರಿಗೆ ಏರಿತು. ನ್ಯೂಯಾರ್ಕ್ 2018ರಲ್ಲೇ ಈ ಕೊಂಡಿಯನ್ನು ಕಳಚಿತು. ಅಲಬಾಮಾದ್ದು ಇನ್ನೊಂದು ಬಗೆ. ಅಲ್ಲಿ ಫೆಡರಲ್ ತೆರಿಗೆಯನ್ನು ರಾಜ್ಯದ ಆದಾಯದಿಂದ ಕಳೆಯಬಹುದಾದ್ದರಿಂದ, ವಾಷಿಂಗ್ಟನ್ ತೆರಿಗೆ ಇಳಿಸಿದರೆ ರಾಜ್ಯದ ತೆರಿಗೆ ಏರುತ್ತದೆ.

ಕಡಿತದ ಮೇಲಿನ ಮಿತಿಯ ವಿರುದ್ಧ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಮೇರಿಲ್ಯಾಂಡ್ ಕೋರ್ಟಿಗೆ ಹೋಗಿ ಸೋತವು. ಮಿತಿ ತಪ್ಪಿಸಲು ತೆರಿಗೆಯನ್ನು ದಾನದ ರೂಪದಲ್ಲಿ ಕಟ್ಟಿಸಿಕೊಳ್ಳುವ ಉಪಾಯಕ್ಕೆ 2019ರ ನಿಯಮ ಅಡ್ಡಬಂತು. ಪಾಲುದಾರಿಕೆ ಸಂಸ್ಥೆಯೇ ಮಾಲೀಕರ ಪರವಾಗಿ ರಾಜ್ಯ ತೆರಿಗೆ ಕಟ್ಟುವ ದಾರಿಗೆ ಮಾತ್ರ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಹೀಗೆ ವ್ಯವಹಾರಸ್ಥರಿಗೆ ದಾರಿಯಾಯಿತು, ಸಂಬಳದಾರರಿಗೆ ಆಗಲಿಲ್ಲ.

2025ರ ಕಾಯ್ದೆ ಮಿತಿಯನ್ನು 40,000ಕ್ಕೆ ಏರಿಸಿತು. ಸುಮಾರು 5 ಲಕ್ಷ ಡಾಲರ್ ಮೀರಿದ ಆದಾಯದವರಿಗೆ ಅದು ಕರಗುತ್ತ ಹೋಗುತ್ತದೆ. 2030ಕ್ಕೆ ಮತ್ತೆ 10,000. ಟಿಪ್ಸ್ ಮತ್ತು ಓವರ್‌ಟೈಮ್ ಮೇಲೆ ಹೊಸ ಕಡಿತಗಳೂ ಬಂದವು. ಫೆಡರಲ್ ತೆರಿಗೆಯೋಗ್ಯ ಆದಾಯದಿಂದಲೇ ಲೆಕ್ಕ ಶುರುಮಾಡುವ ಕೊಲರಾಡೊದ ಬೊಕ್ಕಸಕ್ಕೆ ಆ ಕಾಯ್ದೆಯಿಂದ ಕತ್ತರಿ ಬಿದ್ದು, ಅದೇ ವರ್ಷದ ಆಗಸ್ಟಿನಲ್ಲಿ ವಿಶೇಷ ಅಧಿವೇಶನ ಕರೆಯಬೇಕಾಯಿತು.

ಫೆಡರಲ್ ಕಾಯ್ದೆ ಬದಲಾದಂತೆಲ್ಲ ತಾನೂ ಬದಲಾಗುವ ರಾಜ್ಯ, ರಿಟರ್ನನ್ನು ಸುಲಭವಾಗಿಸುತ್ತದೆ, ಆದರೆ ತನ್ನ ಬಜೆಟ್ಟಿನ ಹಿಡಿತ ಬಿಟ್ಟುಕೊಡುತ್ತದೆ. ಬಹುಕಾಲ 2015ರ ಕಾಯ್ದೆಗೇ ಅಂಟಿಕೊಂಡಿದ್ದ ಕ್ಯಾಲಿಫೋರ್ನಿಯಾ ಹಿಡಿತ ಉಳಿಸಿಕೊಂಡಿತು. ಅಲ್ಲಿನ ಕುಟುಂಬಗಳಿಗೆ ಎರಡು ನಿಯಮಾವಳಿಗಳ ಲೆಕ್ಕ ತಪ್ಪಲಿಲ್ಲ. ಹಾಗಾಗಿ ಫೆಡರಲ್ ತೆರಿಗೆ ಇಳಿಯಿತು ಎಂಬ ಸುದ್ದಿಯಿಂದ ಮನೆಯ ಒಟ್ಟು ತೆರಿಗೆ ಇಳಿಯಿತೆಂದು ಹೇಳಲಾಗದು; ಅದನ್ನು ಹೇಳುವುದು ರಾಜ್ಯದ ಶಾಸಕರ ಮುಂದಿನ ನಡೆ.