ಹೆಚ್ಚುವರಿ ನೀರು

ನಮ್ಮಜ್ಜಿ ವರ್ಷಗಳನ್ನು ಲೆಕ್ಕ ಹಾಕುತ್ತಿದ್ದುದು ನೆರೆಯಿಂದ. ನೇತ್ರಾವತಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದು 1923ರಲ್ಲಿ. 1974ರ ನೆರೆಯ ಗುರುತನ್ನು ಅಮ್ಮ ಗೋಡೆಯ ಮೇಲೆ ತೋರಿಸುತ್ತಿದ್ದರು.

ಇಂಥ ಹೊಳೆಯಲ್ಲಿ ‘ಹೆಚ್ಚುವರಿ ನೀರು’ ಇದೆಯೆಂದು 2014ರಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ನೇತ್ರಾವತಿಗೆ ಸೇರುವ ಸಕಲೇಶಪುರದ ಹಳ್ಳಗಳಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ 24 ಟಿಎಂಸಿ ನೀರು! ವಿರೋಧದ ಮೆರವಣಿಗೆಯಲ್ಲಿ ನಾನೂ ನಡೆದೆ. 2024ರಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು.

2019ನ್ನು ನೆನೆಯಿರಿ. ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟು ಬತ್ತುತ್ತಾ ಬಂದು ಮಂಗಳೂರಿಗೆ ನೀರಿನ ರೇಷನ್. ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ತೋಟಗಳು ಕೊಚ್ಚಿಹೋದವು. ಇದರಲ್ಲಿ ಹೆಚ್ಚುವರಿ ಯಾವುದು?

ಹಾಗೆಂದು ಕೊಡ ಹಿಡಿದು ಕಾಯುವ ಕೋಲಾರದ ಹೆಂಗಸಿನ ಬಾಯಾರಿಕೆ ಸುಳ್ಳೇ? ಅವಳನ್ನು ಶತ್ರುವೆನ್ನಲು ನನಗೆ ಮನಸ್ಸಿಲ್ಲ. ನಾವಾದರೂ ಏನು ಉಳಿಸಿಕೊಂಡಿದ್ದೇವೆ? ಹದಿನೆಂಟು ಬಸದಿ, ಹದಿನೆಂಟು ಕೆರೆಯ ಊರೆಂದು ಮೂಡುಬಿದಿರೆಯನ್ನು ಹೊಗಳುತ್ತೇವೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗ ಒಬ್ಬಳು, “ಕೆರೆಗಳೆಲ್ಲಿ ಟೀಚರ್?” ಎಂದಳು. ಎಣಿಸಹೊರಟೆ, ನನ್ನ ಬೆರಳು ಐದನ್ನು ದಾಟಲಿಲ್ಲ.

ಕೋಲಾರವೂ ಕೆರೆಗಳ ನಾಡೇ. ಹೊಳೆ ತಿರುಗಿಸುವ ಮೊದಲು ಅಲ್ಲಿಯ ಹೂಳನ್ನೂ ಇಲ್ಲಿಯ ಹೂಳನ್ನೂ ತೆಗೆಯಬೇಕಿತ್ತು. ಆ ಕೆಲಸಕ್ಕೆ ಈಗಲೂ ತಡವಾಗಿಲ್ಲ.