ಪಾಳು ಎಂಬ ಮಾತು

(ರೇಡಿಯೊ ಭಾಷಣ)

ನಮ್ಮ ಒಕ್ಕಲಿಗರ ಮಾತಿನಲ್ಲಿ ‘ಬೀಳು’ ಎಂದರೆ ಉಳದೆ ಬಿಟ್ಟ ನೆಲ. ಒಳ್ಳೆಯ ಮಳೆ ಬಂದರೆ ಮತ್ತೆ ನೇಗಿಲನ್ನು ಕಾಣಬಹುದಾದ ನೆಲ. ಕಂದಾಯದ ಕಡತದಲ್ಲಿರುವುದು ಬೇರೊಂದು ಮಾತು, ‘ಖರಾಬು’. ಪಾರಸಿಯ ಮೂಲಕ ಬಂದ ಈ ಶಬ್ದಕ್ಕೆ ಕೆಟ್ಟದ್ದು, ಹಾಳಾದದ್ದು ಎಂದರ್ಥ. ಅಲ್ಲಿ ದನ ಮೇದರೂ ಬಡವರ ಒಲೆಗೆ ಸೌದೆ ದೊರೆತರೂ, ಕಂದಾಯ ಹುಟ್ಟದಿದ್ದರೆ ಆ ನೆಲ ಪಾಳೆಂದೇ ಲೆಕ್ಕ.

ಇಂಥ ನೆಲದಲ್ಲಿ ಇಂಧನ, ಎಣ್ಣೆ, ನಾರುಗಳಿಗೆ ಬೇಕಾದ ಬೆಳೆಗಳನ್ನು ತೆಗೆಯಬೇಕು, ಅನ್ನದ ಹೊಲವನ್ನು ಮುಟ್ಟಬಾರದು ಎಂಬ ವಿಚಾರ ಇಂದು ಜಗತ್ತಿನಲ್ಲೆಲ್ಲ ಕೇಳಿಬರುತ್ತಿದೆ. ವಿಚಾರವೇನೋ ಒಳ್ಳೆಯದೇ. ಆದರೆ ನಮ್ಮ ನಾಡು ಇದರ ಅನುಭವವನ್ನು ಹಿಂದೆಯೇ ಪಡೆದಿದೆ.

1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ಬೆಳೆಸಿ, ಅದರ ತಿರುಳನ್ನು ರೇಯಾನ್ ನೂಲಿಗೆ ಒದಗಿಸುವುದು ಉದ್ದೇಶ. ಸರ್ಕಾರದ ದೃಷ್ಟಿಯಲ್ಲಿ ಅದು ಬರಿಯ ನೆಲ. ಹಳ್ಳಿಗರಿಗೆ ಹುಲ್ಲು, ಸೌದೆ, ಸೊಪ್ಪುಗಳ ಆಸರೆ. ನೀಲಗಿರಿಯ ಎಲೆಯನ್ನು ದನವೂ ಮುಟ್ಟದು, ಆಡೂ ಮುಟ್ಟದು. ಡಾ. ಶಿವರಾಮ ಕಾರಂತರೇ ಮೊದಲಿಗರಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಕೆಯಾಯಿತು. 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಆ ಸೀಮೆಯಲ್ಲಿ ಹಚ್ಚುವುದೆಂದರೆ ನೆಡುವುದು. ಜನ ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತಷ್ಟಕ್ಕೆ ನಿಲ್ಲದೆ ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಪಾಠವನ್ನು ನಾವು ಬೇಗ ಮರೆತೆವು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಪಾಳುಭೂಮಿಯಲ್ಲಿ ಜಟ್ರೋಫ, ಅಂದರೆ ಕಾಡುಹರಳು, ಬೆಳೆಸಿ ಡೀಸೆಲಿಗೆ ಎಣ್ಣೆ ತೆಗೆಯಲು ಶಿಫಾರಸು ಮಾಡಿತು. 2009ರ ರಾಷ್ಟ್ರೀಯ ನೀತಿಯು 2017ರ ಹೊತ್ತಿಗೆ ನೂರಕ್ಕೆ 20ರಷ್ಟು ಜೈವಿಕ ಇಂಧನದ ಬೆರಕೆಯ ಗುರಿ ಇಟ್ಟಿತು. ಡೀಸೆಲಿನ ಮಟ್ಟಿಗೆ ಅದು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಬಡ ನೆಲದಲ್ಲಿ ನೀರು ಗೊಬ್ಬರಗಳಿಲ್ಲದೆ ಗಿಡ ಬದುಕಿತು, ಕಾಯಿ ಮಾತ್ರ ಸಾಲದಾಯಿತು. ಬೀಜವೂ ಹಿಂಡಿಯೂ ವಿಷವಾದ್ದರಿಂದ ದನಕ್ಕೆ ಹಾಕುವಂತೆಯೂ ಇರಲಿಲ್ಲ.

ನಮ್ಮ ಹೊಂಗೆಯ ಕಥೆ ಬೇರೆ. ಬದುವಿನಲ್ಲಿ ನಿಂತ ಹೊಂಗೆ ನೆರಳು ಕೊಟ್ಟಿತು. ಅದರ ಸೊಪ್ಪೂ ಹಿಂಡಿಯೂ ಗದ್ದೆಗೆ ಗೊಬ್ಬರವಾದವು, ಎಣ್ಣೆ ಹಣತೆಯಲ್ಲಿ ಉರಿಯಿತು. ಈಚಿನ ದಶಕಗಳಲ್ಲಿ ಅದೇ ಎಣ್ಣೆ ಎಂಜಿನನ್ನೂ ಓಡಿಸಿ ತೋರಿಸಿದೆ. ಅದಕ್ಕೆಂದು ಯಾರ ಗೋಮಾಳವೂ ಹೋಗಬೇಕಾಗಲಿಲ್ಲ.

ಗಿಡದಿಂದ ಇಂಧನ ಬೇಡವೆಂದು ನಾನು ಹೇಳುತ್ತಿಲ್ಲ. ಸಸಿ ನೆಡುವ ಮುನ್ನ, ಆ ನೆಲದಲ್ಲಿ ದನ ಮೇಯಿಸುವವರನ್ನೂ ಸೌದೆ ಆಯುವವರನ್ನೂ ಕೇಳಬೇಕು. ಅದು ಪಾಳೋ ಅಲ್ಲವೋ ಎಂಬುದನ್ನು ಹೇಳಬಲ್ಲವರು ಅವರು.