ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ ಮೇಲೆ ಮೊದಲ ಖರ್ಚು ಯಾವುದಕ್ಕೆ?

ಸೀತಾಂಗೋಳಿಯಲ್ಲಿ ಕಿನ್ಫ್ರಾ ಕೈಗಾರಿಕಾ ಪಾರ್ಕ್, ಎಚ್‌ಎಎಲ್ ಫ್ಯಾಕ್ಟರಿ ಎಲ್ಲ ಉಂಟು. ಆದರೂ ಸ್ವಂತ ದುಡಿಮೆ ಎಂದಾಗ ಇಲ್ಲಿನ ಹಲವು ಯುವಕರಿಗೆ ಮೊದಲು ನೆನಪಾಗುವುದು ಒಂದು ಪಿಕಪ್. ಕೆಂಪುಕಲ್ಲು, ಅಡಿಕೆ, ಸಿಮೆಂಟು, ಮೀನು, ಮನೆ ಸಾಮಾನು ಹೀಗೆ ಬಾಡಿಗೆ ಸಿಗುತ್ತದೆ. ಹೊಸ ಗಾಡಿಗೆ ದುಡ್ಡು ಸಾಲದು, ಬಡ್ಡಿ ಸಾಲಕ್ಕೆ ಮನೆಯವರು ಒಪ್ಪುವುದಿಲ್ಲ. ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸಿದ್ದು, ಉಮ್ಮನ ಚಿನ್ನ ಮಾರಿದ್ದು ಸೇರಿಸಿ ಕೊನೆಗೆ ಹಳೆಯ ಬೊಲೆರೊ ಪಿಕಪ್ಪೋ, ಟಾಟಾ ಏಸೋ, ದೋಸ್ತೋ ಅಂಗಳಕ್ಕೆ ಬರುತ್ತದೆ. ತೊಂದರೆ ಶುರುವಾಗುವುದು ಅದರ ನಂತರದ ವಾರದಲ್ಲಿ. ಕೈಯಲ್ಲಿ ಉಳಿದ ಹಣ ಮ್ಯೂಸಿಕ್ ಸಿಸ್ಟಮ್, ಎಲ್‌ಇಡಿ ಪಟ್ಟಿ, ಅಲಾಯ್ ವೀಲ್‌ಗೆ ಹೋಗುತ್ತದೆ. ಬ್ರೇಕು, ಟಯರಿನ ಸರದಿ ಬರುವಾಗ ಜೇಬು ಖಾಲಿ.

ಕಾಗದಪತ್ರದ ಕೆಲಸ ಮೊದಲು ಮುಗಿಯಬೇಕು. ಆರ್‌ಸಿ ಹೆಸರಿಗೆ ಆಗದೆ ಒಂದು ಲೋಡೂ ಹೊಡೆಯಬಾರದು. ಅಪಘಾತವಾದರೆ ಹಳೆ ಓನರ್ ಮತ್ತು ಹೊಸ ಓನರ್ ಇಬ್ಬರೂ ಕೋರ್ಟ್ ಅಲೆಯಬೇಕಾಗುತ್ತದೆ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಕಂಪೆನಿಗೆ ಅರ್ಜಿ ಹಾಕಬೇಕು. ಮಂಗಳೂರು ಕಡೆಯ ಕೆಎ-19 ಗಾಡಿ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಎಂದು ತಂದವರು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಪಡೆಯಬೇಕು. ಕೇರಳದಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಕೆಎಲ್-14ಕ್ಕೆ ಮರುನೋಂದಣಿಯೂ ಆಗಬೇಕು. ಬಾಕಿ ಇರುವ ಇ-ಚಲನ್ ಪರಿವಾಹನ್ ವೆಬ್‌ಸೈಟಿನಲ್ಲಿ ಕಾಣುತ್ತದೆ, ನೋಡಲು ಐದು ನಿಮಿಷ ಸಾಕು. ಎಂಟು ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಪ್ರತಿ ವರ್ಷ. ಚಾಲಕನ ವಿಷಯಕ್ಕೆ ಬಂದರೆ, ಸರಕು ಗಾಡಿ ಓಡಿಸಲು 20 ವರ್ಷ ತುಂಬಿರಬೇಕು, 18 ಸಾಲದು. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ವಾಹನ ಓಡಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ.

ಇನ್ನು ಗ್ಯಾರೇಜು. "ಗಾಡಿ ಕಂಡೀಷನ್ ಉಂಟು, ಏನೂ ಕೆಲಸ ಇಲ್ಲ" ಎಂದು ಮಾರಿದವರು ಹೇಳಿಯೇ ಹೇಳುತ್ತಾರೆ. ಆಯಿಲ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಬೇಕು. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಒಟ್ಟಿಗೆ ಹೊಸದಾಗಲಿ. ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗ್‌ನ ಆಯಿಲನ್ನು ಮರೆಯುವವರೇ ಹೆಚ್ಚು. ಕೋರೆಯ ಕೆಸರು ನೀರಿನಲ್ಲಿ ಇಳಿದ ಗಾಡಿಯ ಹೌಸಿಂಗ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ರೇಡಿಯೇಟರ್‌ಗೆ ಬಾವಿ ನೀರು ತುಂಬಿಸಿ ಓಡಿಸುವ ಅಭ್ಯಾಸ ಒಳ್ಳೆಯದಲ್ಲ. ಒಳಗೆ ತುಕ್ಕು ಕಟ್ಟಿ, ಲೋಡ್ ಹೇರಿ ಏರು ಹತ್ತುವಾಗ ಎಂಜಿನ್ ಕುದಿಯುತ್ತದೆ. ಕಂಪೆನಿ ಹೇಳಿದ ಕೂಲೆಂಟ್ ಹಾಕಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದರ ವಯಸ್ಸನ್ನೂ ಕೇಳಬೇಕು. ಅದು ತುಂಡಾದರೆ ಎಂಜಿನ್ ಬಿಚ್ಚುವ ಖರ್ಚು ಬೀಳಬಹುದು.

ಬ್ರೇಕ್ ಪರೀಕ್ಷೆಗೆ ಮೆಕ್ಯಾನಿಕ್ ಬೇಕೆಂದಿಲ್ಲ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಹಾಗೆಯೇ ಒಂದು ನಿಮಿಷ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ನೆಲ ಮುಟ್ಟುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಅಥವಾ ಎಲ್ಲೋ ಒಂದು ಕಡೆ ಲೀಕ್. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಡ್ರಮ್ ಬಿಚ್ಚಿಸದೆ ದಾರಿಯಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಕರಾವಳಿಯ ಹವೆಗೆ ಇದು ಇನ್ನೂ ಬೇಗ. ತೇವ ಸೇರಿದ ಆಯಿಲ್ ಇಳಿಜಾರಿನಲ್ಲಿ ಬಿಸಿಯಾಗಿ ಗುಳ್ಳೆ ಕಟ್ಟಿದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚು ಒಂದು ಸ್ಪೀಕರ್ ಬೆಲೆಯೂ ಆಗದು. ಲೋಡ್ ಇರುವಾಗ ಇಳಿತದಲ್ಲಿ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಬರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಹುಚ್ಚುತನ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡಿಗೆ ತಕ್ಕಂತೆ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಅದನ್ನು ತಂತಿ ಕಟ್ಟಿ ನಿಲ್ಲಿಸಿದ್ದಾರೆಯೇ ಎಂದು ಬಗ್ಗಿ ನೋಡಬೇಕು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿ ಕಂಡರೂ ಬದಿಯಲ್ಲಿ ಬಿರುಕು ಬಿಟ್ಟ ಹಳೆ ಟಯರು ಲೋಡಿನಲ್ಲಿ ಒಡೆಯಬಹುದು. ಗುಂಡಿಯ ಆಳ 1.6 ಮಿ.ಮೀ. ಕಾನೂನಿನ ಕೊನೆಯ ಮಿತಿ. ನಮ್ಮ ಮಳೆಗಾಲಕ್ಕೆ 3 ಮಿ.ಮೀ. ಆದಾಗಲೇ ಬದಲಾಯಿಸುವುದು ಕ್ಷೇಮ. ಸ್ಟೆಪ್ನಿ, ಜಾಕ್ ಇವೆಯೇ ಎಂದೂ ನೋಡಿಕೊಳ್ಳಬೇಕು.

ಲೋಡಿನ ಲೆಕ್ಕದಲ್ಲಿ ಹುಡುಗರು ಹೆಚ್ಚು ಎಡವುತ್ತಾರೆ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಹೇರಬಹುದಾದ ಲೋಡ್. ಒಂದು ಕೆಂಪುಕಲ್ಲನ್ನು 25 ಕೆ.ಜಿ. ಎಂದೇ ಹಿಡಿದರೂ 60 ಕಲ್ಲಿಗೆ 1,500 ಕೆ.ಜಿ. ಆಯಿತು, 1.3 ಟನ್‌ನ ಬೊಲೆರೊಗೆ ಅದು ಹೆಚ್ಚು. ಮಳೆಯಲ್ಲಿ ನೆನೆದ ಕಲ್ಲು ಇನ್ನೂ ಭಾರ. ಲೀಫ್ ಸ್ಪ್ರಿಂಗಿಗೆ ಎರಡು ಪ್ಲೇಟ್ ಸೇರಿಸಿದರೆ ಗಾಡಿ ಕುಳಿತುಕೊಳ್ಳುವುದಿಲ್ಲ ನಿಜ, ಆದರೆ ಬ್ರೇಕು, ಆಕ್ಸಲ್, ಟಯರು ಹಳೆಯದೇ ತಾನೆ? ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಬರೆದಿರುವ ದಂಡ 20 ಸಾವಿರ ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2 ಸಾವಿರ.

ಮಂಗಳೂರು ದಕ್ಕೆಯಿಂದ ಮೀನು ತರುವ ಗಾಡಿಗೆ ಬೇರೆಯೇ ಶತ್ರು. ಐಸ್ ಕರಗಿದ ಉಪ್ಪು ನೀರು ಬಾಡಿಯ ಸಂದಿಯಿಂದ ಚಾಸಿಗೆ, ಅಲ್ಲಿಂದ ಬ್ರೇಕ್ ಪೈಪಿಗೆ ಇಳಿಯುತ್ತದೆ. ಮೇಲಿಂದ ಪೇಂಟ್ ಹೊಳೆಯುತ್ತಿದ್ದರೂ ಕೆಳಗೆ ಪೈಪ್ ತುಕ್ಕು ಹಿಡಿದು ಒಂದು ದಿನ ಒಡೆಯಬಹುದು. ಮೀನು ಇಳಿಸಿದ ದಿನವೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಬೇಕು, ಮಳೆಗಾಲಕ್ಕೆ ಮುನ್ನ ಅಡಿಭಾಗಕ್ಕೆ ತುಕ್ಕು ನಿರೋಧಕ ಹೊಡೆಸಬೇಕು.

ಇಷ್ಟಾದ ಮೇಲೆ ಉಳಿದ ಹಣದಲ್ಲಿ ಅಪ್‌ಗ್ರೇಡ್ ಮಾಡಬಹುದು. ಹೆಡ್‌ಲೈಟಿಗೆ ರಿಲೇ ಸಹಿತ ಸರಿಯಾದ ವೈರಿಂಗ್, ಹಿಂದೆ ಕಾಣುವ ಕ್ಯಾಮರಾ, ಒಳ್ಳೆಯ ಟಾರ್ಪಾಲು ಮತ್ತು ಹಗ್ಗ, ಬೆನ್ನಿಗೆ ಆಸರೆ ಕೊಡುವ ಸೀಟು, ಇವೆಲ್ಲ ದುಡಿಮೆಗೆ ಉಪಯೋಗ. ಕಣ್ಣು ಕುಕ್ಕುವ ಬಿಳಿ ಬಲ್ಬು, ಹಲವು ಸ್ವರದ ಹಾರ್ನು, ಎತ್ತರಿಸಿದ ಬಾಡಿ ಹಾಗಲ್ಲ. ಕಂಪೆನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಕೇರಳದ್ದೇ ಪ್ರಕರಣದಲ್ಲಿ. ಇಂಥ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5 ಸಾವಿರ ರೂ. ದಂಡ ಎಂದು ಕಾಯ್ದೆ ಹೇಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯ ಸೈಲೆನ್ಸರ್ ಫಿಲ್ಟರ್ ತೆಗೆಸಿದರೆ ಪಿಕಪ್ ಜಾಸ್ತಿ ಬರುತ್ತದೆ ಎನ್ನುವವರ ಮಾತನ್ನೂ ಕೇಳಬಾರದು.

ಜಮಾಅತ್‌ನ ಹಿರಿಯರೂ ಗಮನಿಸಬೇಕಾದ ಒಂದು ವಿಷಯ ಉಂಟು. ನಬಿದಿನದ ಜಾಥಾ, ಮದುವೆ, ಪಂದ್ಯಾಟ ಎಂದರೆ ಪಿಕಪ್‌ನ ಹಿಂದೆ ಮಕ್ಕಳನ್ನು ತುಂಬಿಸುವುದು ರೂಢಿಯಾಗಿಬಿಟ್ಟಿದೆ. ಸರಕು ಗಾಡಿಯ ಪಾಲಿಸಿ ಹಾಗೆ ಹತ್ತಿದ ಪ್ರಯಾಣಿಕರನ್ನು ಒಳಗೊಳ್ಳುವುದಿಲ್ಲ. ಗಾಡಿ ಮಗುಚಿದರೆ ಪರಿಹಾರದ ಹೊರೆ ಓನರ್ ತಲೆಗೇ ಬೀಳಬಹುದು, ಅಂದರೆ ಉಮ್ಮನ ಚಿನ್ನ ಮಾರಿ ಗಾಡಿ ಕೊಂಡ ಆ ಹುಡುಗನ ತಲೆಗೆ. "ಇವತ್ತೊಂದು ದಿನ ಅಲ್ವಾ" ಎಂದು ಹಿರಿಯರೇ ಹೇಳಿದಾಗ ಇಪ್ಪತ್ತರ ಹುಡುಗನಿಗೆ ಇಲ್ಲ ಎನ್ನುವುದು ಕಷ್ಟ. ಬೇಡ ಎಂಬ ಮಾತು ಮಸೀದಿ ಕಮಿಟಿಯ ಕಡೆಯಿಂದಲೇ ಬಂದರೆ ಅವನಿಗೂ ಸುಲಭ.